ನಾಲಿಗೆಯಡಿಯ ಪೊರೆ: ಕತ್ತರಿಸಬೇಕೇ, ಬಿಡಬೇಕೇ?

2014ರ ಜೂನ್‌ನಲ್ಲಿ ಬ್ರೆಜಿಲ್ ದೇಶ ಒಂದು ಅಪರೂಪದ ಕಾಯ್ದೆ ತಂದಿತು. ಅಲ್ಲಿನ ಯಾವುದೇ ಆಸ್ಪತ್ರೆಯಲ್ಲಿ ಹುಟ್ಟಿದ ಪ್ರತಿಯೊಂದು ಕೂಸಿನ ನಾಲಿಗೆಯನ್ನೂ ಎತ್ತಿ, ಅದರಡಿಯ ಪೊರೆ ಬಿಗಿಯಾಗಿದೆಯೇ ಎಂದು ಪರೀಕ್ಷಿಸುವುದು ಕಡ್ಡಾಯ. ಅದರ ಮರುವರ್ಷ ನ್ಯೂಜಿಲೆಂಡಿನ ಕ್ಯಾಂಟರ್ಬರಿ ಪ್ರಾಂತ್ಯದ ವೈದ್ಯರು ಲೆಕ್ಕ ತೆಗೆದು ನೋಡಿದರೆ, ತಮ್ಮಲ್ಲಿ ಹುಟ್ಟಿದ ಶಿಶುಗಳಲ್ಲಿ ಶೇಕಡಾ 11.3ರಷ್ಟಕ್ಕೆ ಆ ಪೊರೆಯನ್ನು ಕತ್ತರಿಸಲಾಗಿತ್ತು. ಇಷ್ಟೊಂದು ಮಕ್ಕಳಿಗೆ ಇದು ನಿಜಕ್ಕೂ ಬೇಕಿತ್ತೇ ಎಂಬ ಅನುಮಾನ ಹುಟ್ಟಿತು. ಹಾಲೂಡಿಸುವುದನ್ನು ಕೂತು ನೋಡಿ, ತಾಯಿಗೆ ನೆರವಾಗಿ, ಆಮೇಲೂ ತೊಂದರೆ ಉಳಿದರೆ ಮಾತ್ರ ಕತ್ತರಿಗೆ ಕಳಿಸುವ ಪದ್ಧತಿ ಜಾರಿಗೆ ಬಂತು. 2017ರ ನಡುವಿನ ಹೊತ್ತಿಗೆ ಆ ಪ್ರಮಾಣ ಶೇಕಡಾ 3.5ಕ್ಕೆ ಇಳಿಯಿತು. ಎದೆಹಾಲು ಕುಡಿಯುವ ಮಕ್ಕಳ ಸಂಖ್ಯೆ ಮಾತ್ರ ಇಳಿಯಲಿಲ್ಲ.

ಒಂದು ಕಡೆ ಹುಡುಕಿ ಎಂಬ ಆಜ್ಞೆ, ಇನ್ನೊಂದು ಕಡೆ ಸ್ವಲ್ಪ ಕೈ ತಡೆಯಿರಿ ಎಂಬ ವಿವೇಕ. ವೈದ್ಯರು ‘ಟಂಗ್ ಟೈ’ ಎನ್ನುವ, ನಮ್ಮ ಮನೆಗಳಲ್ಲಿ ‘ಮಗುವಿನ ನಾಲಿಗೆ ಅಂಟಿದೆ’ ಎನ್ನುವ ಈ ಸಣ್ಣ ಸಂಗತಿಯ ಸುತ್ತ ಕಳೆದ ಎರಡು ದಶಕಗಳಲ್ಲಿ ಎದ್ದಿರುವ ಗದ್ದಲ ಅಷ್ಟಿಷ್ಟಲ್ಲ. ಅಮೆರಿಕದ ಆಸ್ಪತ್ರೆಗಳಲ್ಲಿ 1997ರಲ್ಲಿ ಸುಮಾರು 3,900 ನವಜಾತ ಶಿಶುಗಳಿಗೆ ಟಂಗ್ ಟೈ ಇದೆಯೆಂದು ದಾಖಲಾಗಿತ್ತು; 2012ರಲ್ಲಿ ಆ ಸಂಖ್ಯೆ 32,000 ದಾಟಿತು. ಕತ್ತರಿಸಿದ ಪ್ರಕರಣಗಳು ಸುಮಾರು 1,300ರಿಂದ 12,000ದ ಆಚೆಗೆ ಹೋದವು. ಹದಿನೈದು ವರ್ಷದಲ್ಲಿ ಮನುಷ್ಯರ ನಾಲಿಗೆಯ ರಚನೆ ಬದಲಾಗುವುದಿಲ್ಲ. ಬದಲಾದದ್ದು ನೋಡುವ ಕಣ್ಣು.

ಆ ಕಣ್ಣು ಯಾಕೆ ಬದಲಾಯಿತು ಎಂಬುದಕ್ಕೆ ತುಸು ಹಿಂದಕ್ಕೆ ಹೋಗಬೇಕು. ನಾಲಿಗೆಯಡಿಯ ಪೊರೆಗೆ ಕತ್ತರಿ ಹಾಕುವುದು ಹೊಸದೇನಲ್ಲ. ಯುರೋಪಿನ ಕೆಲವು ಸೂಲಗಿತ್ತಿಯರು ಇದಕ್ಕೆಂದೇ ಒಂದು ಬೆರಳಿನ ಉಗುರನ್ನು ಉದ್ದಕ್ಕೆ ಬೆಳೆಸಿ ಚೂಪು ಮಾಡಿಕೊಂಡಿರುತ್ತಿದ್ದರು. 1601ರಲ್ಲಿ ಹುಟ್ಟಿದ ಫ್ರಾನ್ಸಿನ ಹದಿಮೂರನೇ ಲೂಯಿ ಮೊಲೆ ಚೀಪಲು ಕಷ್ಟಪಡುತ್ತಿದ್ದನೆಂದು ಶಸ್ತ್ರವೈದ್ಯನನ್ನು ಕರೆಸಿ ಪೊರೆ ಕತ್ತರಿಸಿದ್ದನ್ನು ಅರಮನೆಯ ವೈದ್ಯ ಎರುವಾರ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆ ರಾಜ ದೊಡ್ಡವನಾದ ಮೇಲೂ ಉಗ್ಗುತ್ತಿದ್ದ. ಉಗ್ಗಿಗೂ ಈ ಪೊರೆಗೂ ಸಂಬಂಧವಿಲ್ಲ ಎನ್ನುವುದಕ್ಕೆ ರಾಜಮನೆತನದ ಸಾಕ್ಷಿಯೇ ಇದೆ ಎನ್ನಬಹುದು. ನಮ್ಮಲ್ಲಿ ಹಠಯೋಗಿಗಳು ಖೇಚರಿ ಮುದ್ರೆಗಾಗಿ ಇದೇ ಪೊರೆಯನ್ನು ಕೂದಲೆಳೆಯಷ್ಟಷ್ಟೇ ಕೊಯ್ದು ಸೈಂಧವ ಉಪ್ಪು ತಿಕ್ಕುವ ವಿಧಾನ ‘ಹಠಯೋಗ ಪ್ರದೀಪಿಕೆ’ಯಲ್ಲಿದೆ. ಅದು ಹಸುಳೆಗಳ ಹಾಲಿನ ವಿಷಯವಲ್ಲ, ನಾಲಿಗೆಯನ್ನು ಹಿಂದಕ್ಕೆ ಮಡಚುವ ಸಾಧನೆಯ ವಿಷಯ. ಆದರೂ ಈ ಪೊರೆಯ ಮೇಲೆ ಮನುಷ್ಯನ ಕಣ್ಣು ಎಷ್ಟು ಹಳೆಯದು ಎಂಬುದಕ್ಕೆ ಗುರುತು.

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಪಶ್ಚಿಮದ ದೇಶಗಳಲ್ಲಿ ಡಬ್ಬಿ ಹಾಲು ಮನೆಮನೆಗೂ ಹೊಕ್ಕಿತು. ಬಾಟಲಿಯ ರಬ್ಬರ್ ತೊಟ್ಟಿನಿಂದ ಹಾಲು ಸುಲಭವಾಗಿ ಸುರಿಯುತ್ತದೆ, ನಾಲಿಗೆ ಬಿಗಿಯಿದ್ದರೂ ಹೇಗೋ ನಡೆಯುತ್ತದೆ. ಹೀಗಾಗಿ ಎರಡು ತಲೆಮಾರಿನ ವೈದ್ಯರಿಗೆ ಟಂಗ್ ಟೈ ಒಂದು ಸಮಸ್ಯೆಯಾಗಿ ಕಾಣಲೇ ಇಲ್ಲ. ಎದೆಹಾಲಿನ ಮಹತ್ವ ಮತ್ತೆ ಮುನ್ನೆಲೆಗೆ ಬಂದು, 1991ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಶಿಶುಸ್ನೇಹಿ ಆಸ್ಪತ್ರೆಗಳ ಅಭಿಯಾನ ಆರಂಭಿಸಿದ ಮೇಲೆ ತಾಯಂದಿರು ಮತ್ತೆ ಮಗುವನ್ನು ಎದೆಗೆ ಹಾಕಿಕೊಂಡರು. ಮರೆತುಹೋಗಿದ್ದ ತೊಂದರೆ ಮತ್ತೆ ಕಾಣಿಸಿಕೊಂಡಿತು. ಇಲ್ಲಿಯವರೆಗೆ ಎಲ್ಲವೂ ಸರಿಯೇ. ಎಡವಟ್ಟಾದದ್ದು ಅದರ ಮುಂದೆ: ಮೊಲೆತೊಟ್ಟಿನ ನೋವು, ಮಗುವಿನ ಅಳು, ಗ್ಯಾಸು, ರಾತ್ರಿ ನಿದ್ದೆಯಿಲ್ಲದಿರುವುದು, ತೂಕ ಏರದಿರುವುದು, ಎಲ್ಲಕ್ಕೂ ಈ ಪೊರೆಯನ್ನೇ ಹೊಣೆ ಮಾಡುವ ಚಟ ಬೆಳೆಯಿತು.

ಇಷ್ಟಕ್ಕೂ ಆ ಪೊರೆ ಏನು? ಕನ್ನಡಿಯ ಮುಂದೆ ನಿಂತು ನಾಲಿಗೆಯನ್ನು ಅಂಗುಳಕ್ಕೆ ತಗುಲಿಸಿದರೆ ನಟ್ಟನಡುವೆ ಎದ್ದು ನಿಲ್ಲುವ ಮಡಿಕೆಯೇ ಅದು. ಎಲ್ಲರಿಗೂ ಇದೆ. ಬಹುಕಾಲ ಇದನ್ನು ನಾಲಿಗೆಯನ್ನು ಕೆಳಕ್ಕೆ ಬಿಗಿದಿಟ್ಟ ಪ್ರತ್ಯೇಕ ದಾರದಂತೆ ಭಾವಿಸಲಾಗಿತ್ತು. 2019ರಲ್ಲಿ ಆಕ್ಲೆಂಡಿನ ಶಸ್ತ್ರವೈದ್ಯೆ ನಿಕ್ಕಿ ಮಿಲ್ಸ್ ಮತ್ತು ಸಂಗಡಿಗರು ಶವಗಳನ್ನು ಸೂಕ್ಷ್ಮವಾಗಿ ಬಿಡಿಸಿ ನೋಡಿ ಆ ಕಲ್ಪನೆಯನ್ನು ತಳ್ಳಿಹಾಕಿದರು. ಬಾಯಿಯ ತಳದುದ್ದಕ್ಕೂ ಹಾಸಿಕೊಂಡಿರುವ ತೆಳು ಅಂಗಾಂಶದ ಹಾಳೆ ನಾಲಿಗೆ ಎತ್ತಿದಾಗ ನಡುವೆ ಮಡಿಕೆಯಾಗಿ ಏಳುತ್ತದೆ, ಅಷ್ಟೇ. ಒಬ್ಬೊಬ್ಬರಲ್ಲಿ ಅದರ ದಪ್ಪ, ಎತ್ತರ, ಅಂಟಿಕೊಂಡ ಜಾಗ ಬೇರೆಬೇರೆ. ನವಜಾತ ಶಿಶುಗಳಲ್ಲಿ ನಾಲಿಗೆಯ ಸಂವೇದನೆಯ ನರದ ಕವಲುಗಳು ಆ ಹಾಳೆಯ ತೀರಾ ಕೆಳಗೇ ಹರಡಿಕೊಂಡಿರುತ್ತವೆ ಎಂಬುದೂ ಅವರ ಅಧ್ಯಯನದಲ್ಲಿ ಕಂಡಿತು. ‘ಆಳಕ್ಕೆ ಹೋಗಿ ಪೂರ್ತಿ ಬಿಡಿಸಿದ್ದೇನೆ’ ಎಂದು ಯಾರಾದರೂ ಜಂಬ ಕೊಚ್ಚಿಕೊಂಡರೆ ತಂದೆತಾಯಿ ಹಿಗ್ಗುವ ಬದಲು ಆತಂಕಪಡಬೇಕು.

ಕೆಲವು ಮನೆತನಗಳಲ್ಲಿ ಇದು ವಂಶದಲ್ಲೇ ಹರಿದು ಬರುತ್ತದೆ. ‘ಅವರಪ್ಪನಿಗೂ ಹೀಗೇ ಇತ್ತು’ ಎಂದು ಅಜ್ಜಿ ಹೇಳುವುದು ಸುಳ್ಳಲ್ಲ. ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ಜಾಸ್ತಿ. ಒಟ್ಟಾರೆ ಎಷ್ಟು ಮಕ್ಕಳಿಗೆ ಇದೆ ಎಂಬುದಕ್ಕೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2021ರಲ್ಲಿ ಪ್ರಕಟವಾದ ವಿಶ್ಲೇಷಣೆ ಕೊಡುವ ಅಂಕಿ ನೂರಕ್ಕೆ ಸುಮಾರು ಎಂಟು. ಅದರಲ್ಲೇ ಒಂದು ಸ್ವಾರಸ್ಯವಿದೆ. ಬರಿಗಣ್ಣಿನಿಂದ ನೋಡಿದವರಿಗೆ ನೂರಕ್ಕೆ ಏಳು ಸಿಕ್ಕರೆ, ಅಂಕಪಟ್ಟಿ ಹಿಡಿದು ಪರೀಕ್ಷಿಸಿದವರಿಗೆ ಹತ್ತು ಸಿಕ್ಕವು. ಹುಡುಕುವ ಸಲಕರಣೆ ಬದಲಾದಂತೆ ರೋಗಿಗಳ ಸಂಖ್ಯೆಯೂ ಬದಲಾಗುತ್ತದೆ ಎಂದರೆ, ಇದು ಇದೆ ಅಥವಾ ಇಲ್ಲ ಎಂದು ಗೆರೆ ಎಳೆದು ಹೇಳುವ ಕಾಯಿಲೆಯಲ್ಲ ಎಂದೇ ಅರ್ಥ.

ಪೊರೆ ಕಂಡ ಮಾತ್ರಕ್ಕೆ ತೊಂದರೆ ಇದೆ ಎಂದಲ್ಲ. ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಹುಟ್ಟಿದ 1,866 ಮಕ್ಕಳಲ್ಲಿ 201 ಮಕ್ಕಳಿಗೆ ಟಂಗ್ ಟೈ ಇತ್ತು. ಅವರಲ್ಲಿ ಹಾಲು ಕುಡಿಯಲು ಕಷ್ಟಪಟ್ಟವರು 88. ಉಳಿದ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅಂಥದ್ದೇ ಪೊರೆ ಇಟ್ಟುಕೊಂಡೇ ಆರಾಮಾಗಿ ಹಾಲು ಕುಡಿಯುತ್ತಿದ್ದರು. 2024ರಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೊರತಂದ ವರದಿಯ ಮಾತೂ ಇದೇ: ಟಂಗ್ ಟೈನ ದೇಹರಚನೆಯಿರುವ ಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ ಮಕ್ಕಳಿಗೆ ಮಾತ್ರ ಹಾಲು ಕುಡಿಯುವ ತೊಂದರೆ.

ಹಾಗಿದ್ದರೆ ನಿಜವಾದ ತೊಂದರೆಯನ್ನು ಗುರುತಿಸುವುದು ಹೇಗೆ? ಮೊದಲು ಹಾಲು ಕುಡಿಯುವ ಕ್ರಿಯೆಯನ್ನೇ ತುಸು ಹತ್ತಿರದಿಂದ ನೋಡೋಣ. ಮಗು ಬಾಯಿ ಅಗಲಿಸಿ ಬರೀ ತೊಟ್ಟನ್ನಲ್ಲ, ಅದರ ಸುತ್ತಲಿನ ಕಪ್ಪು ಭಾಗವನ್ನೂ ತುಂಬಿಕೊಳ್ಳುತ್ತದೆ. ನಾಲಿಗೆ ಕೆಳವಸಡನ್ನು ದಾಟಿ ಮುಂದೆ ಬಂದು ಮೊಲೆಯ ಕೆಳಗೆ ಹಾಸಿಕೊಳ್ಳುತ್ತದೆ. ಆಮೇಲೆ ನಾಲಿಗೆಯ ನಡುಭಾಗ ಕೆಳಗಿಳಿದಾಗ ಬಾಯೊಳಗೆ ನಿರ್ವಾತ ಉಂಟಾಗಿ ಹಾಲು ಹರಿಯುತ್ತದೆ. ಅಲ್ಟ್ರಾಸೌಂಡ್ ಚಿತ್ರಗಳು ತೋರಿಸಿದ್ದು ಇದನ್ನೇ. ಕಚ್ಚಿ ಹಿಂಡುವುದರಿಂದ ಹಾಲು ಬರುವುದಲ್ಲ. ಬಿಗಿನಾಲಿಗೆಯ ಮಗು ಮುಂದಕ್ಕೆ ಚಾಚಲಾರದೆ ವಸಡಿನಿಂದಲೇ ತೊಟ್ಟನ್ನು ಅದುಮುತ್ತದೆ. ಹಿಡಿತ ಜಾರಿ ಆಗಾಗ ‘ಚಿಟ್ ಚಿಟ್’ ಎಂದು ಗಾಳಿಯ ಸದ್ದಾಗುತ್ತದೆ. ಬಾಯಿಂದ ಹೊರಬಂದ ತೊಟ್ಟು ದುಂಡಗಿರದೆ, ಹೊಸ ಲಿಪ್‌ಸ್ಟಿಕ್ಕಿನ ತುದಿಯ ಹಾಗೆ ಓರೆಯಾಗಿ ಚಪ್ಪಟೆಯಾಗಿರುತ್ತದೆ. ತಾಯಿಗೆ ಪ್ರತಿ ಸಲವೂ ಜೀವ ಹೋಗುವಂಥ ನೋವು, ತೊಟ್ಟಿನಲ್ಲಿ ಬಿರುಕು, ಕೆಲವೊಮ್ಮೆ ರಕ್ತ. ಮಗು ಮುಕ್ಕಾಲು ಗಂಟೆ ಎದೆಯಲ್ಲೇ ಇದ್ದರೂ ಹೊಟ್ಟೆ ತುಂಬಿರುವುದಿಲ್ಲ. ಮಲಗಿಸಿದ ಹತ್ತು ನಿಮಿಷಕ್ಕೆ ಮತ್ತೆ ಅಳು.

ಆದರೆ ಇದೇ ಚಿತ್ರ ಬೇರೆ ಕಾರಣಗಳಿಂದಲೂ ಹುಟ್ಟಬಹುದು ಎಂಬುದೇ ಇಲ್ಲಿನ ತೊಡಕು. ಮಗುವನ್ನು ಹಿಡಿದುಕೊಂಡ ಭಂಗಿ ಸರಿಯಿಲ್ಲದಿದ್ದರೆ, ತಾಯಿಯ ತೊಟ್ಟು ಚಪ್ಪಟೆಯಾಗಿದ್ದರೆ, ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಚೀಪುವ ಶಕ್ತಿ ಸಾಲದಿದ್ದರೆ, ಹೆರಿಗೆಯ ಮಾರನೆಯ ದಿನಗಳಲ್ಲಿ ಎದೆ ಕಲ್ಲಾಗಿ ಬಿಗಿದಿದ್ದರೆ, ತೊಟ್ಟಿಗೆ ಶಿಲೀಂಧ್ರದ ಸೋಂಕು ತಗುಲಿದ್ದರೆ ನೋವೂ ಬರುತ್ತದೆ, ಹಾಲೂ ಸಾಲದಾಗುತ್ತದೆ. ಇದನ್ನೆಲ್ಲ ಬಿಟ್ಟು ನೇರವಾಗಿ ಬಾಯಿ ತೆರೆಸಿ ಪೊರೆ ನೋಡಿದರೆ, ನೂರಕ್ಕೆ ಎಂಟು ಮಕ್ಕಳಲ್ಲಿ ಅದು ಹೇಗೂ ಸಿಕ್ಕೇ ಸಿಗುತ್ತದೆ. ತಪ್ಪಿತಸ್ಥ ಸಿಕ್ಕನೆಂದು ತನಿಖೆ ಅಲ್ಲಿಗೇ ನಿಂತುಬಿಡುತ್ತದೆ.

ಬಾಸ್ಟನ್ ನಗರದ ಒಂದು ಆಸ್ಪತ್ರೆಯಲ್ಲಿ ಇದನ್ನು ಒರೆಗೆ ಹಚ್ಚಿ ನೋಡಿದರು. ನಾಲಿಗೆ ಬಿಡಿಸಲೆಂದೇ ಕಳಿಸಿದ್ದ 115 ನವಜಾತ ಶಿಶುಗಳನ್ನು ನೇರವಾಗಿ ಕತ್ತರಿಗೆ ಒಡ್ಡದೆ, ಮೊದಲು ಹಾಲೂಡಿಕೆಯ ತಜ್ಞರು ಕೂತು ಪೂರ್ತಿ ಪರಿಶೀಲಿಸಿದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಇದು: ಶೇಕಡಾ 62.6ರಷ್ಟು ಮಕ್ಕಳಿಗೆ ಕೊನೆಗೆ ಯಾವ ಶಸ್ತ್ರಚಿಕಿತ್ಸೆಯೂ ಬೇಕಾಗಲಿಲ್ಲ. ಕ್ಯಾಂಟರ್ಬರಿಯ ಅನುಭವದೊಂದಿಗೆ ಇದನ್ನಿಟ್ಟು ನೋಡಿದರೆ, ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಗಟ್ಟಿ ಎನಿಸಿದ ಸಾಕ್ಷ್ಯ ಇದೇ.

ಪರೀಕ್ಷಿಸುವವರ ಕೈಯಲ್ಲಿ ಹಲವು ಅಳತೆಗೋಲುಗಳಿವೆ. 1993ರಲ್ಲಿ ಆಲಿಸನ್ ಹೇಜಲ್‌ಬೇಕರ್ ರೂಪಿಸಿದ್ದು ನಾಲಿಗೆಯ ರೂಪ, ಚಲನೆ ಎರಡಕ್ಕೂ ಅಂಕ ಕೊಡುವ ವಿವರವಾದ ಪಟ್ಟಿ. ಬ್ರಿಸ್ಟಲ್‌ನವರು 2015ರಲ್ಲಿ ಅದನ್ನು ಸರಳಗೊಳಿಸಿ ನಾಲ್ಕೇ ಪ್ರಶ್ನೆ ಇಟ್ಟರು: ನಾಲಿಗೆಯ ತುದಿಯ ಆಕಾರ ಹೇಗಿದೆ, ಪೊರೆ ಕೆಳವಸಡಿನಲ್ಲಿ ಎಲ್ಲಿ ಅಂಟಿದೆ, ಅಳುವಾಗ ನಾಲಿಗೆ ಎಷ್ಟು ಮೇಲೇಳುತ್ತದೆ, ಎಷ್ಟು ಹೊರಚಾಚುತ್ತದೆ. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಒಟ್ಟು ಎಂಟಕ್ಕೆ ಮೂರು ಅಥವಾ ಅದಕ್ಕಿಂತ ಕಡಿಮೆ ಬಂದರೆ ಬಿಗಿತ ತೀವ್ರವಾಗಿದೆ ಎಂದು ಲೆಕ್ಕ. ದಾದಿಯರೂ ಬೇಗ ಕಲಿಯಬಹುದಾದ ಪಟ್ಟಿ ಇದು. ತುದಿಯವರೆಗೂ ಅಂಟಿದ ಪೊರೆಯಾದರೆ ಯಾವ ಪಟ್ಟಿಯೂ ಬೇಡ. ಮಗು ಅತ್ತಾಗ ನಾಲಿಗೆಯ ತುದಿ ನಡುವೆ ಎಳೆದುಕೊಂಡು ಹೃದಯದ ಆಕಾರ ತಾಳುವುದನ್ನು ಮನೆಯವರೇ ಕಾಣಬಹುದು.

ಜಗಳವಿರುವುದು ಕಾಣದ ಪೊರೆಯ ಬಗ್ಗೆ. 2004ರಲ್ಲಿ ಎಲಿಜಬೆತ್ ಕೊರಿಲೋಸ್ ಮತ್ತು ಜೊತೆಗಾರರು ಪೊರೆ ಅಂಟಿದ ಜಾಗವನ್ನು ನೋಡಿ ನಾಲ್ಕು ವಿಧ ಮಾಡಿದರು. ನಾಲ್ಕನೆಯದು ಲೋಳೆಪೊರೆಯ ಒಳಗೆ ಹುದುಗಿದ್ದು, ಕಣ್ಣಿಗೆ ಕಾಣದೆ ಬೆರಳಿಗೆ ಮಾತ್ರ ಸಿಗುವಂಥದ್ದು. ಹಿಂಭಾಗದ ಟಂಗ್ ಟೈ ಎಂದು ಹೆಸರು ಪಡೆದ ಇದೇ ಮುಂದೆ ಎಲ್ಲದಕ್ಕೂ ಬಾಗಿಲು ತೆರೆಯಿತು. ಕಾಣದೇ ಇರುವುದನ್ನು ಇಲ್ಲ ಎಂದು ಸಾಧಿಸುವುದಾದರೂ ಹೇಗೆ? ಅದರ ಬೆನ್ನಿಗೇ ಮೇಲ್ದುಟಿಯ ಕಟ್ಟು, ಕೆನ್ನೆಯ ಕಟ್ಟು ಎಂಬ ಹೊಸ ಹೆಸರುಗಳೂ ಬಂದವು. ಅಮೆರಿಕದ ಕಿವಿ ಮೂಗು ಗಂಟಲು ತಜ್ಞರ ಅಕಾಡೆಮಿ 2020ರ ಒಮ್ಮತದ ಹೇಳಿಕೆಯಲ್ಲಿ ಕೆನ್ನೆಯ ಕಟ್ಟಿಗೆ ಶಸ್ತ್ರಚಿಕಿತ್ಸೆ ಮಾಡಬಾರದು ಎಂದು ನೇರವಾಗಿ ಹೇಳಿತು. 2024ರ ಮಕ್ಕಳ ವೈದ್ಯರ ವರದಿ ಹಿಂಭಾಗದ ಟಂಗ್ ಟೈ ಎಂಬ ಹೆಸರನ್ನೇ ಕೈಬಿಡುವುದು ಒಳ್ಳೆಯದು ಎಂದಿತು. ನನ್ನ ಅಭಿಪ್ರಾಯವೂ ಅದೇ. ಮೇಲ್ದುಟಿಯ ಒಳಗೆ ವಸಡಿಗೆ ಅಂಟಿದ ಪೊರೆ ಹೆಚ್ಚುಕಡಿಮೆ ಎಲ್ಲ ಕೂಸುಗಳಲ್ಲೂ ಇರುವಂಥದ್ದು. ಅದನ್ನು ರೋಗವೆನ್ನುವುದು ಹೊಕ್ಕುಳನ್ನು ಗಾಯ ಎಂದಷ್ಟೇ ಸರಿ.

ಕತ್ತರಿಸಿದರೆ ನಿಜವಾಗಿ ಪ್ರಯೋಜನವಿದೆಯೇ? ಸಂಶೋಧನೆಯ ಕತೆ ಇಲ್ಲಿ ಸ್ವಲ್ಪ ಸಿಕ್ಕುಸಿಕ್ಕು. ಸೌತಾಂಪ್ಟನ್‌ನವರು ತೊಂದರೆಯಿದ್ದ 57 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಕೂಡಲೇ ಕತ್ತರಿ, ಇನ್ನೊಂದಕ್ಕೆ ಹಾಲೂಡಿಸುವ ಸಲಹೆ ಮಾತ್ರ. ಕತ್ತರಿಸಿದ 28 ಮಕ್ಕಳಲ್ಲಿ 27 ಸುಧಾರಿಸಿದವು. ಸಲಹೆಯ ಗುಂಪಿನ 29ರಲ್ಲಿ ಒಂದೇ ಒಂದು. ಕೇಳಿದ ಕೂಡಲೇ ಮರುಮಾತಿಲ್ಲ ಎನಿಸುತ್ತದೆ. ಆದರೆ ಸುಧಾರಿಸಿದೆ ಎಂದವರು ತಾಯಂದಿರು, ಅವರಿಗೆ ತಮ್ಮ ಮಗುವಿಗೆ ಏನು ಮಾಡಿದ್ದಾರೆಂದು ಗೊತ್ತಿತ್ತು. ನೋವು ತಿಂದು ತಿಂದು ಸಾಕಾದ ಬಾಣಂತಿಗೆ ‘ಏನೋ ಒಂದು ಮಾಡಿದರು’ ಎಂಬ ಸಮಾಧಾನವೇ ಅರ್ಧ ಮದ್ದು.

ಅದನ್ನು ತಪ್ಪಿಸಲು 2011ರಲ್ಲಿ ಅಮೆರಿಕದಲ್ಲಿ 58 ಮಕ್ಕಳ ಮೇಲೆ ಬೇರೊಂದು ಪ್ರಯೋಗ ನಡೆಯಿತು. ಎಲ್ಲ ಮಕ್ಕಳನ್ನೂ ಬೇರೆ ಕೋಣೆಗೆ ಒಯ್ದರು. ಕೆಲವಕ್ಕೆ ನಿಜವಾಗಿ ಕತ್ತರಿಸಿದರು, ಉಳಿದವನ್ನು ಸುಮ್ಮನೆ ವಾಪಸ್ ತಂದರು. ಯಾವ ಮಗುವಿಗೆ ಏನಾಯಿತೆಂದು ತಾಯಿಗೆ ಹೇಳಲಿಲ್ಲ. ಆಗಲೂ ನಿಜವಾಗಿ ಕತ್ತರಿಸಿದ ಮಕ್ಕಳ ತಾಯಂದಿರ ತೊಟ್ಟಿನ ನೋವು ಹೆಚ್ಚು ಇಳಿಯಿತು. ಹಾಗಾದರೆ ಪ್ರಯೋಜನ ಬರೀ ಮನಸ್ಸಿನದಲ್ಲ. ಆದರೆ ಗುಟ್ಟು ಬಿಟ್ಟುಕೊಟ್ಟ ಮೇಲೆ, ಕತ್ತರಿಸದೆ ಉಳಿದಿದ್ದ ಮಕ್ಕಳ ತಾಯಂದಿರಲ್ಲಿ ಒಬ್ಬರ ಹೊರತು ಎಲ್ಲರೂ ತಮ್ಮ ಮಗುವಿಗೂ ಮಾಡಿಸಿಕೊಂಡರು. ದೂರಗಾಮಿ ಫಲಿತಾಂಶವನ್ನು ಹೋಲಿಸಲು ಎದುರುಗುಂಪೇ ಉಳಿಯಲಿಲ್ಲ. ಈ ವಿಷಯದ ಪ್ರತಿಯೊಂದು ದೊಡ್ಡ ಪ್ರಯೋಗಕ್ಕೂ ಇದೇ ಗತಿ. ಬ್ರಿಟನ್ನಿನ ‘ಫ್ರಾಸ್ಟಿ’ ಎಂಬ ಪ್ರಯೋಗ ನೂರಾರು ಮಕ್ಕಳನ್ನು ಸೇರಿಸುವ ಉದ್ದೇಶದಿಂದ ಶುರುವಾಗಿ 169ಕ್ಕೇ ನಿಂತುಹೋಯಿತು. 2023ರಲ್ಲಿ ಬಂದ ವರದಿಯ ಪ್ರಕಾರ ಮೂರು ತಿಂಗಳಾದಾಗ ಎರಡೂ ಗುಂಪಿನ ಹೆಚ್ಚಿನ ಮಕ್ಕಳು ಎದೆಹಾಲು ಕುಡಿಯುತ್ತಲೇ ಇದ್ದರು, ವ್ಯತ್ಯಾಸ ಕಾಣಲಿಲ್ಲ. ಆದರೆ ಕತ್ತರಿಸಬಾರದೆಂದಿದ್ದ ಗುಂಪಿನಲ್ಲೂ ನೂರಕ್ಕೆ ಸುಮಾರು ಎಪ್ಪತ್ತು ಮಕ್ಕಳಿಗೆ ಅಷ್ಟರೊಳಗೆ ಕತ್ತರಿಸಿ ಆಗಿತ್ತು! ಇಂಥ ಪ್ರಯೋಗದಿಂದ ತೀರ್ಪು ತೆಗೆಯುವುದು ಕಷ್ಟ.

2017ರಲ್ಲಿ ಕಾಕ್ರೇನ್ ಸಂಸ್ಥೆ ಆವರೆಗಿನ ಐದು ಪ್ರಯೋಗಗಳ 302 ಮಕ್ಕಳ ಮಾಹಿತಿಯನ್ನು ಒಟ್ಟಿಗೆ ತೂಗಿ ನೋಡಿತು. ತಾಯಿಯ ನೋವು ಸದ್ಯಕ್ಕೆ ಕಡಿಮೆಯಾಗುತ್ತದೆ. ಮಗು ಹಾಲು ಕುಡಿಯುವುದು ಸುಧಾರಿಸುತ್ತದೆಂದು ಖಚಿತವಾಗಿ ಹೇಳಲಾಗದು. ಈ ಪ್ರಯೋಗಗಳಲ್ಲಿ ಗಂಭೀರ ಅಪಾಯವೇನೂ ಕಂಡಿಲ್ಲ. ಅದರಾಚೆಗೆ ಇಂದಿಗೂ ಹೆಚ್ಚು ಸೇರಿಸುವುದಕ್ಕಿಲ್ಲ. ತಾಯಿಯ ನೋವು ಕಡಿಮೆಯಾಗುವುದು ಸಣ್ಣ ಲಾಭವೆಂದು ಮಾತ್ರ ಯಾರೂ ತಿಳಿಯಬಾರದು. ನೋವಿಗೆ ಹೆದರಿಯೇ ಎಷ್ಟೋ ಹೆಂಗಸರು ಎರಡನೇ ವಾರದಲ್ಲಿ ಡಬ್ಬಿ ಹಾಲಿಗೆ ಮೊರೆಹೋಗುತ್ತಾರೆ. ‘ಸ್ವಲ್ಪ ಸಹಿಸಿಕೋ, ನಾವೆಲ್ಲ ಸಹಿಸಿಲ್ಲವೇ’ ಎಂಬ ಹಿರಿಯರ ಮಾತು ಇಲ್ಲಿ ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ.

ವಿಧಾನ ಸರಳ. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಒಬ್ಬರು ತಲೆ ಅಲುಗದಂತೆ ಹಿಡಿಯುತ್ತಾರೆ. ನಾಲಿಗೆಗೆ ಒಂದೆರಡು ಹನಿ ಸಕ್ಕರೆ ದ್ರಾವಣ. ನಡುವೆ ಸೀಳಿರುವ ಪುಟ್ಟ ಲೋಹದ ಪಟ್ಟಿಯಿಂದಲೋ ಎರಡು ಬೆರಳಿನಿಂದಲೋ ನಾಲಿಗೆ ಎತ್ತಿ, ಮೊಂಡುತುದಿಯ ಕತ್ತರಿಯಿಂದ ಆ ತೆಳು ಭಾಗವನ್ನು ಒಮ್ಮೆ ಕತ್ತರಿಸಿದರೆ ಮುಗಿಯಿತು. ಹತ್ತಿಯ ಬಟ್ಟೆಯಿಂದ ಅದುಮಿ ಹಿಡಿದು, ಮಗುವನ್ನು ತಕ್ಷಣ ಎದೆಗೆ ಹಾಕುತ್ತಾರೆ. ಹಾಲು ಚೀಪುವುದರಿಂದಲೇ ಸೋರುವ ನಾಲ್ಕು ಹನಿ ರಕ್ತ ನಿಲ್ಲುತ್ತದೆ. ಒಂದೆರಡು ದಿನದಲ್ಲಿ ಅಲ್ಲಿ ಬಿಳಿಯ ತೇಪೆ ಕಾಣಿಸುತ್ತದೆ. ಅದು ಮಾಯುತ್ತಿರುವ ಗಾಯ, ಕೀವಲ್ಲ. ಒರೆಸಿ ತೆಗೆಯಲು ಹೋಗಬಾರದು. ಹಲ್ಲು ಬಂದ ದೊಡ್ಡ ಮಕ್ಕಳಿಗಾದರೆ ಅರಿವಳಿಕೆ ಬೇಕು, ಕೆಲವೊಮ್ಮೆ ಹೊಲಿಗೆಯೂ ಬೀಳುತ್ತದೆ.

ಸರಳವೆಂದ ಮಾತ್ರಕ್ಕೆ ಅಪಾಯವೇ ಇಲ್ಲವೆಂದಲ್ಲ. ಹುಟ್ಟಿದಾಗ ವಿಟಮಿನ್ ಕೆ ಚುಚ್ಚುಮದ್ದು ಹಾಕಿರಬೇಕು, ಮನೆತನದಲ್ಲಿ ರಕ್ತ ಹೆಪ್ಪುಗಟ್ಟದ ಕಾಯಿಲೆಯಿದ್ದರೆ ಮೊದಲೇ ಹೇಳಬೇಕು. ಕೆಳದವಡೆ ತೀರ ಹಿಂದಕ್ಕಿರುವ ಮಕ್ಕಳಲ್ಲಿ ನಾಲಿಗೆ ಬಿಡಿಸಿದರೆ ಅದು ಹಿಂದಕ್ಕೆ ಜಾರಿ ಉಸಿರಿಗೆ ಅಡ್ಡಿಯಾಗಬಹುದು. ನ್ಯೂಜಿಲೆಂಡಿನ ಮಕ್ಕಳ ವೈದ್ಯರು ದಾಖಲಿಸಿದ ತೊಡಕುಗಳಲ್ಲಿ ಗಾಯದ ನೋವಿಗೆ ಹಾಲನ್ನೇ ಬಿಟ್ಟ ಮಕ್ಕಳು, ರಕ್ತಸ್ರಾವವಾದ ಮಕ್ಕಳು ಇದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಯೋಚಿಸಬೇಕಾದದ್ದು ಇನ್ನೊಂದು ಗುಂಪಿನ ಬಗ್ಗೆ: ಇಡೀ ಗಮನ ಪೊರೆಯ ಮೇಲೇ ನೆಟ್ಟಿದ್ದರಿಂದ ಮಗುವಿನ ನಿಜವಾದ ಕಾಯಿಲೆ ತಡವಾಗಿ ಗೊತ್ತಾದ ಪ್ರಕರಣಗಳು.

ಕತ್ತರಿಯ ಜಾಗಕ್ಕೆ ಲೇಸರ್ ಬಂದದ್ದು ವ್ಯಾಪಾರದ ಹೊಸ ಅಧ್ಯಾಯ. 2023ರ ಡಿಸೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಅಮೆರಿಕದ ಈ ದಂಧೆಯನ್ನು ಬಯಲಿಗೆಳೆಯಿತು; ದಂತವೈದ್ಯರು, ಹಾಲೂಡಿಕೆಯ ಸಲಹೆಗಾರರು ಸೇರಿ ಕಟ್ಟಿದ ಜಾಲ, ಲೇಸರಿನ ನಂತರ ಹಾಲೇ ಬಿಟ್ಟ ಮಕ್ಕಳ ಕತೆ ಎಲ್ಲ ಅದರಲ್ಲಿದ್ದವು. ಕತ್ತರಿಗಿಂತ ಲೇಸರ್ ಮೇಲು ಎನ್ನುವುದಕ್ಕೆ ಪುರಾವೆಯಿಲ್ಲ. ಗಾಯ ಮತ್ತೆ ಅಂಟದಿರಲೆಂದು ದಿನಕ್ಕೆ ಹಲವು ಸಲ ಬೆರಳಿನಿಂದ ಒತ್ತಿ ಎಳೆಯುವ ವ್ಯಾಯಾಮವನ್ನು ಕೆಲವರು ಹೇಳಿಕೊಡುತ್ತಾರೆ. ಅದನ್ನೂ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಪ್ಪಿಲ್ಲ. ಬಾಯಿಗೆ ಏನು ಬಂದರೂ ನೋವೇ ಎಂದು ಕಲಿತ ಕೂಸು ಮೊಲೆಯನ್ನೂ ದೂರ ತಳ್ಳುತ್ತದೆ. ಬೆಂಗಳೂರಿನಂಥ ನಗರಗಳ ದಂತ ಚಿಕಿತ್ಸಾಲಯಗಳೂ ಈಗ ಶಿಶುಗಳಿಗೆ ಲೇಸರ್ ಎಂದು ಜಾಹೀರಾತು ಕೊಡುತ್ತಿವೆ. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೋ ಸಿಡ್ನಿಗೋ ಹೋದ ಅಜ್ಜಿಯಂದಿರಿಗೆ ಟಂಗ್ ಟೈ ಎಂಬ ಹೆಸರು ಇನ್ನೂ ಮೊದಲೇ ಪರಿಚಯ.

ನಮ್ಮ ಊರುಗಳಲ್ಲಿ ನಾಲಿಗೆ ಅಂಟಿದೆ ಎಂಬ ಮಾತು ಹಾಲಿಗಿಂತ ಹೆಚ್ಚಾಗಿ ಮಾತಿನ ವಿಷಯದಲ್ಲೇ ಏಳುವುದು. ನಾಲಿಗೆ ಹೊರಳಲಿ, ಮಾತು ಚೆನ್ನಾಗಿ ಬರಲಿ ಎಂದು ಬಜೆ ತೇಯ್ದು ಕೂಸಿನ ನಾಲಿಗೆಗೆ ಹಚ್ಚುವುದು ಅನೇಕ ಮನೆಗಳಲ್ಲಿ ಇನ್ನೂ ಇದೆ. ಬಜೆ ಯಾವ ಪೊರೆಯನ್ನೂ ಸಡಿಲಿಸುವುದಿಲ್ಲ. ಜೊತೆಗೆ ಜೇನುತುಪ್ಪ ನೆಕ್ಕಿಸುವುದಂತೂ ವರ್ಷ ತುಂಬದ ಮಕ್ಕಳಿಗೆ ಅಪಾಯ, ಬೊಟುಲಿಸಂ ಎಂಬ ನಂಜಿನ ಭಯವಿದೆ. ಎರಡು ವರ್ಷವಾದರೂ ಮಗು ಮಾತಾಡುತ್ತಿಲ್ಲವೆಂದರೆ ಕಾರಣವನ್ನು ನಾಲಿಗೆಯಡಿ ಹುಡುಕಬಾರದು. ಟಂಗ್ ಟೈ ಮಾತನ್ನು ತಡಮಾಡುವುದಿಲ್ಲ. ಮೊದಲು ಕಿವಿ ಪರೀಕ್ಷೆಯಾಗಬೇಕು, ಆಮೇಲೆ ಮಗುವಿನ ಒಟ್ಟು ಬೆಳವಣಿಗೆಯನ್ನು ನೋಡಬೇಕು. ಪೊರೆ ಕತ್ತರಿಸಿ ‘ಇನ್ನೇನು ಮಾತು ಬರುತ್ತದೆ’ ಎಂದು ಕಾಯುತ್ತಾ ಕೂತು ಕಿವುಡುತನ ಗುರುತಿಸುವುದು ವರ್ಷ ತಡವಾದರೆ, ಆ ವರ್ಷವನ್ನು ಯಾರೂ ಮರಳಿ ಕೊಡಲಾರರು.

ಉಚ್ಚಾರದ ಮಾತು ಬೇರೆ. ಟ, ಡ, ಣ, ಳ ಅನ್ನುವಾಗ ನಾಲಿಗೆಯ ತುದಿ ಮೇಲೆದ್ದು ಹಿಂದಕ್ಕೆ ಬಾಗಬೇಕು. ಬಿಗಿ ಹೆಚ್ಚಿದ್ದರೆ ಇವು ಕಷ್ಟವಾಗಬಹುದೆಂದು ಊಹಿಸುವುದು ಸಹಜ. ಆದರೆ ಮಕ್ಕಳು ಹೇಗೋ ಹೊಂದಿಸಿಕೊಳ್ಳುತ್ತಾರೆ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಪೊರೆ ಬಿಡಿಸಿಕೊಂಡ ಮಕ್ಕಳು, ಬಿಡಿಸಿಕೊಳ್ಳದವರು, ಪೊರೆಯ ತೊಂದರೆಯೇ ಇಲ್ಲದವರು, ಮೂರೂ ಗುಂಪಿನ ಮಾತಿನಲ್ಲಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಮೂರು ವರ್ಷದ ಮಗು ರಾಮನನ್ನು ‘ಲಾಮ’ ಎನ್ನುವುದು ವಯಸ್ಸಿನ ಗುಣ. ಐದಾದ ಮೇಲೂ ಕೆಲವೇ ಅಕ್ಷರಗಳು ಕೈಕೊಡುತ್ತಿದ್ದರೆ, ತುಟಿಯ ಮೇಲಿನ ಬೆಲ್ಲವನ್ನು ನೆಕ್ಕಲೂ ನಾಲಿಗೆ ಎಟುಕದಿದ್ದರೆ, ಶಸ್ತ್ರವೈದ್ಯರಿಗಿಂತ ಮೊದಲು ಮಾತಿನ ತಜ್ಞರನ್ನು ಕಾಣಬೇಕು. 1965ರಿಂದ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವಾಗ ಕನ್ನಡಿಗರಿಗೆ ಆ ದಾರಿ ದೂರದ್ದೇನಲ್ಲ. ಈಗಿನ್ನೂ ಹಾಲು ಕುಡಿಯುತ್ತಿರುವ ಕೂಸಿಗೆ, ಮುಂದೆ ಮಾತಿಗೆ ತೊಡಕಾಗಬಹುದೆಂಬ ಒಂದೇ ಕಾರಣಕ್ಕೆ ಈಗಲೇ ಕತ್ತರಿಸಿಬಿಡಿ ಎನ್ನುವ ಸಲಹೆಗೆ ಆಧಾರವಿಲ್ಲ.

ಇಷ್ಟನ್ನೆಲ್ಲ ಎದುರಿಗಿಟ್ಟುಕೊಂಡು ನಮ್ಮ ರಾಜ್ಯಕ್ಕೆ ಏನು ಬೇಕೆಂದು ಕೇಳಿದರೆ ನನ್ನ ಉತ್ತರದಲ್ಲಿ ಕತ್ತರಿಗೆ ದೊಡ್ಡ ಪಾತ್ರವಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹುಟ್ಟಿದ ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ಶೇಕಡಾ 41.8, ಆರು ತಿಂಗಳೊಳಗಿನ ಮಕ್ಕಳಲ್ಲಿ ಬರೀ ಎದೆಹಾಲನ್ನೇ ಕುಡಿಯುವವರು ಶೇಕಡಾ 63.7. ಉಳಿದ ಮಕ್ಕಳ ಕೊರತೆಯನ್ನೆಲ್ಲ ಪೊರೆಯ ತಲೆಗೆ ಕಟ್ಟಲಾಗದು. ಸಿಸೇರಿಯನ್ ಆಗಿ ಮಗ್ಗುಲಾಗಲೂ ಆಗದ ತಾಯಿ, ಹತ್ತು ಹಾಸಿಗೆಗೆ ಒಬ್ಬಳೇ ದಾದಿ, ‘ಹಾಲು ಸಾಲುತ್ತಿಲ್ಲ’ ಎಂದು ಮೊದಲ ರಾತ್ರಿಯೇ ಡಬ್ಬಿ ತರಿಸುವ ನೆಂಟರು ಇದರ ಹಿಂದಿದ್ದಾರೆ. ಆಶಾ ಕಾರ್ಯಕರ್ತೆ ಮಗು ಹುಟ್ಟಿದ 3, 7, 14, 21, 28 ಮತ್ತು 42ನೇ ದಿನಗಳಂದು ಮನೆಗೆ ಬರುವ ವ್ಯವಸ್ಥೆ ಈಗಾಗಲೇ ಇದೆ. ಆಕೆಯ ಕೈಯಲ್ಲಿ ತಕ್ಕಡಿಯೂ ಇದೆ. ಮೊದಲ ದಿನಗಳಲ್ಲಿ ಇಳಿದ ತೂಕವನ್ನು ಮಗು ಎರಡು ವಾರದೊಳಗೆ ಮರಳಿ ಪಡೆಯದಿದ್ದರೆ, ವಾರ ಕಳೆದ ಮಗು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡದಿದ್ದರೆ, ತಾಯಿಯ ತೊಟ್ಟು ಬಿರಿದಿದ್ದರೆ, ಆಗ ನಾಲಿಗೆಯಡಿಯನ್ನೂ ನೋಡಬೇಕು. ಪೊರೆ ಬಿಗಿಯಿದ್ದು, ಭಂಗಿ ತಿದ್ದಿ ಕೆಲವು ದಿನ ನೆರವು ಕೊಟ್ಟ ಮೇಲೂ ನೋವು ಇಳಿಯದಿದ್ದರೆ ಕತ್ತರಿಸಲು ಅಂಜಬೇಕಿಲ್ಲ. ಅಂಥ ಮಗುವನ್ನು ‘ದೊಡ್ಡದಾದ ಮೇಲೆ ನೋಡೋಣ’ ಎಂದು ವಾರಗಟ್ಟಲೆ ಅಲೆದಾಡಿಸುವುದೂ ತಪ್ಪೇ.

ಹೆರಿಗೆಯಾಗಿ ಮನೆಗೆ ಹೊರಡುವ ಮುನ್ನ ಬಿಲ್ಲು, ಔಷಧಿ ಚೀಟಿ, ಲಸಿಕೆಯ ಕಾರ್ಡುಗಳ ಜೊತೆಗೆ ಒಂದನ್ನು ಕೇಳಿ ಪಡೆಯಿರಿ: ತಿಳಿದ ದಾದಿಯೋ ವೈದ್ಯರೋ ನಿಮ್ಮ ಪಕ್ಕ ಕೂತು, ಮಗು ಮೊಲೆ ಹಿಡಿದಾಗಿನಿಂದ ತಾನಾಗಿ ಬಿಡುವವರೆಗೆ ಒಮ್ಮೆ ಪೂರ್ತಿ ನೋಡಲಿ. ಹಾಗೆ ನೋಡದೆ, ತೂಕ ಕೇಳದೆ, ಬಾಯಿ ತೆರೆಸಿದ ಎರಡೇ ನಿಮಿಷಕ್ಕೆ ಲೇಸರಿನ ದಿನ ಗೊತ್ತುಮಾಡುವವರು ಸಿಕ್ಕರೆ, ಮಗುವನ್ನು ಎತ್ತಿಕೊಂಡು ಇನ್ನೊಬ್ಬ ವೈದ್ಯರ ಬಳಿ ಹೋಗಿ.